ಸರ್ವರ್ ಪ್ಯಾನೆಲ್‌ನಲ್ಲಿ ಎಸ್‌ಎಸ್‌ಆರ್‌ಎಫ್ ಹುಡುಕಿ ಮುಚ್ಚಿದ ಬಗೆ

ಹೊರಗಿನವನು ಕೊಟ್ಟ ವಿಳಾಸಕ್ಕೆ ಸರ್ವರ್‌ನಿಂದಲೇ ಕೋರಿಕೆ ಕಳಿಸಿ, ತಾನು ಮುಟ್ಟಲಾಗದ ಒಳಗಿನ ಸೇವೆಗಳನ್ನು ಮುಟ್ಟುವ ದೋಷವೇ ಎಸ್‌ಎಸ್‌ಆರ್‌ಎಫ್ (ಸರ್ವರ್ ಸೈಡ್ ರಿಕ್ವೆಸ್ಟ್ ಫೋರ್ಜರಿ). ವೆಬ್ ಸರ್ವರ್ ನಿರ್ವಹಿಸುವ ಪ್ಯಾನೆಲ್‌ನ ಕೋಡ್ ಕೈಗೆ ಬಂದರೆ ನಾನು ಮೊದಲು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಬಳಕೆದಾರ ಟೈಪ್ ಮಾಡಿದ ವಿಳಾಸಕ್ಕೆ ಸರ್ವರ್ ತಾನೇ ಹೋಗಿ ಬರುವ ಜಾಗಗಳು ಎಷ್ಟಿವೆ? ಯುಆರ್‌ಎಲ್ ಎಂದು ಬರೆದಿರುವ ಪೆಟ್ಟಿಗೆಗಳನ್ನು ಮಾತ್ರ ಎಣಿಸಿದರೆ ಅರ್ಧ ತಪ್ಪಿಹೋಗುತ್ತವೆ. ಬ್ಯಾಕಪ್ ಇಳಿಸಿಕೊಳ್ಳುವ ಕೊಂಡಿ, ವೆಬ್‌ಹುಕ್ (ಏನಾದರೂ ನಡೆದಾಗ ಬೇರೆ ವಿಳಾಸಕ್ಕೆ ತಾನಾಗಿ ಹೋಗುವ ಸೂಚನೆ), ಸೈಟ್ ಜೀವಂತ ಇದೆಯೇ ಎಂಬ ತಪಾಸಣೆ, ಗಿಟ್ ಕ್ಲೋನ್ ಇವೆಲ್ಲ ಸುಲಭವಾಗಿ ಕಣ್ಣಿಗೆ ಬೀಳುತ್ತವೆ. ಮೇಲ್ ಸರ್ವರ್ ಪರೀಕ್ಷಿಸುವ ಬಟನ್, ದೂರದ ಡೇಟಾಬೇಸ್ ಸಂಪರ್ಕ ಪರೀಕ್ಷೆ, ಬ್ಯಾಕಪ್ ಸಂಗ್ರಹದ ಎಂಡ್‌ಪಾಯಿಂಟ್, ರಿವರ್ಸ್ ಪ್ರಾಕ್ಸಿಯ ಅಪ್‌ಸ್ಟ್ರೀಮ್ ವಿಳಾಸ (ವೆಬ್ ಸರ್ವರ್ ಬಂದ ಕೋರಿಕೆಯನ್ನು ದಾಟಿಸುವ ಹಿಂದಿನ ಆ್ಯಪ್‌ನ ವಿಳಾಸ) ಇವು ಬೀಳುವುದಿಲ್ಲ. ಆದ್ದರಿಂದ ಪರದೆ ನೋಡುವುದರ ಜೊತೆಗೆ, ಕೋಡ್‌ನಲ್ಲಿ ವಿಳಾಸಕ್ಕೆ ಹೋಗಿ ಡೇಟಾ ತರುವ ಕರ್ಲ್, ಡಬ್ಲ್ಯುಗೆಟ್ ಮತ್ತು ಆ ಭಾಷೆಯ ಎಚ್‌ಟಿಟಿಪಿ ಲೈಬ್ರರಿ ಕರೆಯುವ ಪ್ರತಿ ಸಾಲನ್ನೂ ಹುಡುಕಿ ಪಟ್ಟಿ ಮಾಡುತ್ತೇನೆ.

ಪ್ಯಾನೆಲ್‌ಗಳಲ್ಲಿ ಈ ದೋಷ ಹೆಚ್ಚು ಅಪಾಯಕಾರಿ. ಅದೇ ಯಂತ್ರದ 127.0.0.1ರಲ್ಲಿ (ಯಂತ್ರ ತನ್ನನ್ನೇ ಕರೆದುಕೊಳ್ಳುವ ಲೂಪ್‌ಬ್ಯಾಕ್ ವಿಳಾಸ) ಕುಳಿತ ಸೇವೆಗಳು "ಒಳಗಿನಿಂದ ಬಂದವರು ನಮ್ಮವರೇ" ಎಂದು ನಂಬಿಬಿಡುತ್ತವೆ. ಕ್ಯಾಡಿ ಎಂಬ ವೆಬ್ ಸರ್ವರ್‌ನ ಅಡ್ಮಿನ್ ಎಪಿಐ ಡೀಫಾಲ್ಟ್ ಆಗಿ 2019ನೇ ಪೋರ್ಟ್‌ನಲ್ಲಿ ಪಾಸ್‌ವರ್ಡ್ ಇಲ್ಲದೆ ತೆರೆದಿರುತ್ತದೆ. ಅಲ್ಲಿಗೆ ಒಂದು ಪೋಸ್ಟ್ ಕೋರಿಕೆ ಸಾಕು, ಇಡೀ ಸಂರಚನೆ ಬದಲಾಗುತ್ತದೆ. 6379ರಲ್ಲಿ ರೆಡಿಸ್ ಡೇಟಾಬೇಸ್, 9000ದಲ್ಲಿ ಪಿಎಚ್‌ಪಿ ಓಡಿಸುವ ಪಿಎಚ್‌ಪಿ-ಎಫ್‌ಪಿಎಂ ಇದ್ದರೆ, ಲೈಬ್ರರಿ ಗೋಫರ್ ಎಂಬ ಹಳೆಯ ಪ್ರೋಟೊಕಾಲ್ ಒಪ್ಪುವುದಾದರೆ, ಅವುಗಳೊಂದಿಗೂ ಮಾತನಾಡಬಹುದು. ಎಚ್‌ಟಿಟಿಪಿ ಮತ್ತು ಎಚ್‌ಟಿಟಿಪಿಎಸ್ ಬಿಟ್ಟು ಉಳಿದ ಪ್ರೋಟೊಕಾಲ್‌ಗಳನ್ನು ಲೈಬ್ರರಿಯ ಮಟ್ಟದಲ್ಲೇ ನಿಲ್ಲಿಸುವುದು ಮೊದಲ ಕೆಲಸ.

ಪರೀಕ್ಷೆಗೆ ನಮ್ಮದೇ ಪ್ರಯೋಗದ ಯಂತ್ರ ಬೇಕು. ಅದರ 127.0.0.1ರಲ್ಲಿ ಒಂದು, ಹೊರಗಿನ ಸಾರ್ವಜನಿಕ ವಿಳಾಸದಲ್ಲಿ ಇನ್ನೊಂದು ಪುಟ್ಟ ಕೇಳುಗ ಪ್ರೋಗ್ರಾಂ ಇಟ್ಟು, ಬಂದ ಪ್ರತಿ ಕೋರಿಕೆಯನ್ನೂ ಲಾಗ್ ಮಾಡಿಸುತ್ತೇನೆ. ಆಮೇಲೆ ಪ್ರತಿ ಪೆಟ್ಟಿಗೆಗೂ ಇವನ್ನು ಕೊಡುತ್ತೇನೆ: 127.0.0.1, 127.1, 0177.0.0.1, 2130706433, 0.0.0.0, ಐಪಿವಿ6ರ ::1, ನಮ್ಮದೇ ಡೊಮೈನ್‌ನಲ್ಲಿ 127.0.0.1ಕ್ಕೆ ತೋರಿಸುವ ಎ ರೆಕಾರ್ಡ್ (ಹೆಸರನ್ನು ಐಪಿಗೆ ಜೋಡಿಸುವ ದಾಖಲೆ), ಕೊನೆಗೆ ಹೊರಗಿನ ಕೇಳುಗನಿಂದ ಒಳಕ್ಕೆ ತಿರುಗಿಸುವ 302 ರೀಡೈರೆಕ್ಟ್ ("ಬೇರೆ ವಿಳಾಸಕ್ಕೆ ಹೋಗು" ಎಂಬ ಉತ್ತರ). 2130706433 ಎಂದರೆ 127.0.0.1ನ್ನೇ ಒಂದು ಸಂಖ್ಯೆಯಾಗಿ ಬರೆದದ್ದು. ಪೈಥಾನ್‌ನ ಐಪಿಅಡ್ರೆಸ್ ಮಾಡ್ಯೂಲ್ 127.1 ಎಂಬ ಪದವನ್ನು ಐಪಿ ಎಂದು ಒಪ್ಪುವುದಿಲ್ಲ. "ಐಪಿ ಅಲ್ಲ, ಹಾಗಾದರೆ ಡೊಮೈನ್ ಹೆಸರು" ಎಂದು ಕೋಡ್ ಬಿಟ್ಟುಕೊಡುತ್ತದೆ. ಕಾರ್ಯಾಚರಣಾ ವ್ಯವಸ್ಥೆ ಅದನ್ನೇ 127.0.0.1 ಎಂದು ಓದಿ ಸಂಪರ್ಕಿಸುತ್ತದೆ. ಪಠ್ಯ ನೋಡಿ ತಡೆಯುವ ಸೋಸುಗಗಳೆಲ್ಲ ಹೀಗೇ ಸೋಲುತ್ತವೆ.

ಉತ್ತರ ಪರದೆಗೆ ಬಾರದಿದ್ದರೂ ನಿರಾಳವಾಗಬಾರದು. ಮುಚ್ಚಿದ ಪೋರ್ಟ್ ತಕ್ಷಣ "ನಿರಾಕರಿಸಲಾಗಿದೆ" ಎನ್ನುತ್ತದೆ, ಫೈರ್‌ವಾಲ್ ನುಂಗಿದ್ದು ಟೈಮ್‌ಔಟ್ ಆಗುತ್ತದೆ, ತೆರೆದದ್ದು ಬೇರೆ ದೋಷ ಕೊಡುತ್ತದೆ. ಈ ಮೂರರ ವ್ಯತ್ಯಾಸ ಸಾಕು, ಒಳಜಾಲದ ನಕ್ಷೆ ಬರೆಯಬಹುದು. ಬಳಕೆದಾರನಿಗೆ ಕಾಣುವ ಸಂದೇಶ ಮೂರಕ್ಕೂ ಒಂದೇ ಇರಲಿ, ನಿಜವಾದ ಕಾರಣ ಲಾಗ್‌ಗೆ ಹೋಗಲಿ.

ತಡೆಯಬೇಕಾದ ಜಾಗ ಸಂಪರ್ಕ ಏರ್ಪಡುವ ಕ್ಷಣ. ಹೆಸರನ್ನು ಒಮ್ಮೆ ಡಿಎನ್‌ಎಸ್‌ನಲ್ಲಿ (ಹೆಸರಿಗೆ ಐಪಿ ಹೇಳುವ ವ್ಯವಸ್ಥೆ) ನೋಡಿ ಸರಿ ಎಂದು, ಆಮೇಲೆ ಅದೇ ಹೆಸರನ್ನು ಲೈಬ್ರರಿಗೆ ಕೊಟ್ಟರೆ ಅದು ಎರಡನೇ ಬಾರಿ ಕೇಳುತ್ತದೆ. ಟಿಟಿಎಲ್ (ಉತ್ತರವನ್ನು ನೆನಪಿಟ್ಟುಕೊಳ್ಳುವ ಅವಧಿ) ಸೊನ್ನೆ ಇಟ್ಟ ದಾಳಿಕೋರ ಎರಡನೇ ಸಲ 127.0.0.1 ಎಂದು ಉತ್ತರಿಸುತ್ತಾನೆ. ಗೋ ಭಾಷೆಯಲ್ಲಿ ನೆಟ್ ಡಯಲರ್‌ನ ಕಂಟ್ರೋಲ್ ಫಂಕ್ಷನ್‌ಗೆ, ಹೆಸರು ಬಿಡಿಸಿದ ನಂತರ ಮತ್ತು ಸಂಪರ್ಕಕ್ಕೆ ಮುಂಚೆ, ನಿಜವಾದ ಐಪಿ ಸಿಗುತ್ತದೆ. ನನ್ನ ತಪಾಸಣೆ ಅಲ್ಲೇ. ರೀಡೈರೆಕ್ಟ್ ಆದರೂ ಪ್ರತಿ ಹೊಸ ಸಂಪರ್ಕ ಅದನ್ನೇ ದಾಟಬೇಕು. ಒಂದು ಎಚ್ಚರ: ಪರಿಸರದ ಪ್ರಾಕ್ಸಿ ವೇರಿಯಬಲ್ ಇದ್ದರೆ ಈ ಫಂಕ್ಷನ್ ಪ್ರಾಕ್ಸಿಯ ವಿಳಾಸವನ್ನಷ್ಟೇ ನೋಡುತ್ತದೆ, ತಪಾಸಣೆ ವ್ಯರ್ಥ. ಕರ್ಲ್ ಬಳಸುವ ಕಡೆ ಹೆಸರನ್ನು ನಾವೇ ಬಿಡಿಸಿ, ಬಂದ ಎಲ್ಲ ಐಪಿಗಳನ್ನೂ ಪರೀಕ್ಷಿಸಿ, ರಿಸಾಲ್ವ್ ಆಯ್ಕೆಯಿಂದ ಆ ಹೆಸರನ್ನು ಆ ಐಪಿಗೇ ಕಟ್ಟಿಹಾಕಬೇಕು. ಹೀಗೆ ಮಾಡಿದರೆ ಟಿಎಲ್‌ಎಸ್ ಪ್ರಮಾಣಪತ್ರದ ಪರಿಶೀಲನೆ ಕೆಡುವುದಿಲ್ಲ. ಕರ್ಲ್ ತಾನೇ ರೀಡೈರೆಕ್ಟ್ ಹಿಂಬಾಲಿಸುವುದನ್ನು ನಿಲ್ಲಿಸಿ, ಪ್ರತಿ ಸಲ ಇದೇ ತಪಾಸಣೆ ಮಾಡಿ, ಕೈಯಾರೆ ಹೆಚ್ಚೆಂದರೆ 3 ಬಾರಿ ಹಿಂಬಾಲಿಸಬೇಕು.

ನಿಷೇಧದ ಪಟ್ಟಿ (ಒಂದೊಂದೂ ಒಂದು ವಿಳಾಸ ಶ್ರೇಣಿ): 0.0.0.0/8, 10.0.0.0/8, 100.64.0.0/10, 127.0.0.0/8, 169.254.0.0/16, 172.16.0.0/12, 192.168.0.0/16, 224.0.0.0/4, 240.0.0.0/4, ಐಪಿವಿ6ರ ಲೂಪ್‌ಬ್ಯಾಕ್, ಲಿಂಕ್ ಲೋಕಲ್, ಯೂನಿಕ್ ಲೋಕಲ್, ಮತ್ತು ಐಪಿವಿ4ನ್ನು ಹೊಟ್ಟೆಯಲ್ಲಿಟ್ಟುಕೊಂಡ ವಿಳಾಸಗಳು. ಬಹಳ ಮಂದಿ ಮರೆಯುವುದು ಆ ಯಂತ್ರದ ಸ್ವಂತ ಸಾರ್ವಜನಿಕ ಐಪಿಯನ್ನು. ಯಂತ್ರ ತನ್ನದೇ ಐಪಿಗೆ ಕಳಿಸಿದ ಪ್ಯಾಕೆಟ್ ಲೂಪ್‌ಬ್ಯಾಕ್ ಮೂಲಕವೇ ಸುತ್ತುತ್ತದೆ. ಹೊರಗಿನವರಿಗೆ ಪೋರ್ಟ್ ಮುಚ್ಚಿದ ಫೈರ್‌ವಾಲ್ ನಿಯಮ ಸಾಮಾನ್ಯವಾಗಿ ಅದನ್ನು ಬಿಟ್ಟುಬಿಡುತ್ತದೆ.

ಕಷ್ಟದ ಜಾಗ ಅಪ್‌ಸ್ಟ್ರೀಮ್ ಪೆಟ್ಟಿಗೆ. ಅಲ್ಲಿ 127.0.0.1:3000 ಎಂಬುದು ನ್ಯಾಯವಾದ ಬಳಕೆ, ನಿಷೇಧಿಸುವಂತಿಲ್ಲ. ಹಲವರು ಹಂಚಿಕೊಂಡ ಸರ್ವರ್‌ನಲ್ಲಿ ಒಬ್ಬ ಇನ್ನೊಬ್ಬನ ಆ್ಯಪ್‌ಗೆ ಪ್ರಾಕ್ಸಿ ಬರೆದುಕೊಳ್ಳಬಹುದು. ಪೋರ್ಟ್ ಅನ್ನು ಪ್ಯಾನೆಲ್ ತಾನೇ ಹಂಚಿ, ಆ ಬಳಕೆದಾರನ ಹೆಸರಿನಲ್ಲಿರುವ ಪೋರ್ಟ್‌ಗಳನ್ನಷ್ಟೇ ಡ್ರಾಪ್‌ಡೌನ್‌ನಲ್ಲಿ ತೋರಿಸುವುದು ನನಗೆ ಸರಿಕಂಡ ದಾರಿ. ಎನ್‌ಜಿನ್‌ಎಕ್ಸ್ ವೆಬ್ ಸರ್ವರ್‌ನ ಪ್ರಾಕ್ಸಿ ಪಾಸ್ ಸಾಲು ಯೂನಿಕ್ಸ್ ಸಾಕೆಟ್ (ಅದೇ ಯಂತ್ರದ ಪ್ರೋಗ್ರಾಂಗಳು ಮಾತನಾಡಿಕೊಳ್ಳುವ ಫೈಲ್) ಹಾದಿಯನ್ನೂ ಒಪ್ಪುತ್ತದೆ. ವೆಬ್ ಸರ್ವರ್‌ನ ಬಳಕೆದಾರನಿಗೆ ಕಂಟೇನರ್‌ಗಳನ್ನು ನಿಯಂತ್ರಿಸುವ ಡಾಕರ್ ಸಾಕೆಟ್ ಮೇಲೆ ಹಕ್ಕಿದ್ದರೆ ಯಂತ್ರವೇ ಕೈತಪ್ಪಿದಂತೆ. ಅಪಾಚೆ ವೆಬ್ ಸರ್ವರ್‌ನಲ್ಲಿ ಸಿಕ್ಕ ಸಿವಿಇ-2021-40438 ಎಂಬ ದೋಷ ಕೂಡ ಇದೇ ಸಾಕೆಟ್ ಬರಹದ ಗೊಂದಲದಿಂದ ಹುಟ್ಟಿದ್ದು. 2.4.48 ಮತ್ತು ಅದಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ ಮಾಡ್ ಪ್ರಾಕ್ಸಿ ಎಂಬ ಅದರ ಪ್ರಾಕ್ಸಿ ಭಾಗಕ್ಕೆ ಕಳಿಸಿದ ಕೋರಿಕೆ ಹೊರಗಿನವನು ಹೇಳಿದ ಕಡೆಗೆ ಹೋಗುತ್ತಿತ್ತು.

ಕೋಡ್ ತಪ್ಪಿದರೂ ಉಳಿಯುವಂತೆ, ಹೊರಗಿನ ವಿಳಾಸಗಳಿಂದ ತಂದುಕೊಡುವ ಕೆಲಸವನ್ನು ಪ್ರತ್ಯೇಕ ಬಳಕೆದಾರನ ಅಡಿಯಲ್ಲಿ, ಪ್ರತ್ಯೇಕ ಸಿಸ್ಟಮ್‌ಡಿ (ಲಿನಕ್ಸ್‌ನಲ್ಲಿ ಸೇವೆಗಳನ್ನು ಓಡಿಸುವ ವ್ಯವಸ್ಥೆ) ಸೇವೆಯಾಗಿ ಓಡಿಸುತ್ತೇನೆ. ಆ ಸೇವೆ ಹೋಗಬಾರದ ವಿಳಾಸಗಳನ್ನು ಹೇಳುವ ಐಪಿ ಅಡ್ರೆಸ್ ಡಿನೈ ಸಾಲಿನಲ್ಲಿ ಲೋಕಲ್‌ಹೋಸ್ಟ್ ಮತ್ತು ಲಿಂಕ್ ಲೋಕಲ್ ಹಾಕಿದ ಕೂಡಲೇ ಎಲ್ಲ ಡೌನ್‌ಲೋಡ್‌ಗಳೂ ನಿಲ್ಲಬಹುದು, ಏಕೆಂದರೆ ಡಿಎನ್‌ಎಸ್ ಉತ್ತರಿಸುವ ರಿಸಾಲ್ವ್‌ಡಿ 127.0.0.53ರಲ್ಲಿದೆ. ಅದೊಂದನ್ನು ಬಿಟ್ಟುಕೊಟ್ಟರೆ, 0.0.0.0ಗೆ ಬೈಂಡ್ ಆದ ಎಲ್ಲ ಸೇವೆಗಳೂ ಆ ವಿಳಾಸದಲ್ಲೇ ಸಿಗುತ್ತವೆ! ಆದ್ದರಿಂದ ಜೊತೆಗೆ ಲಿನಕ್ಸ್‌ನ ಫೈರ್‌ವಾಲ್ ಆದ ಎನ್‌ಎಫ್‌ಟೇಬಲ್ಸ್‌ನಲ್ಲಿ ಆ ಬಳಕೆದಾರನ ಐಡಿಗೆ 127.0.0.53ರ 53ನೇ ಪೋರ್ಟ್ ಮಾತ್ರ ಬಿಡುವ ನಿಯಮ ಬರೆಯಬೇಕು.

ಕ್ಲೌಡ್ ಯಂತ್ರವಾದರೆ 169.254.169.254ರ ಮೆಟಾಡೇಟಾ ಸೇವೆ (ಯಂತ್ರಕ್ಕೆ ಅದರ ಸ್ವಂತ ವಿವರ ಹೇಳುವ ಒಳಗಿನ ವಿಳಾಸ) ಕ್ಲೌಡ್ ಖಾತೆಯ ತಾತ್ಕಾಲಿಕ ಕೀಲಿಗಳನ್ನು ಕೊಡುತ್ತದೆ. 2019ರಲ್ಲಿ ಅಮೆರಿಕದ ಕ್ಯಾಪಿಟಲ್ ಒನ್ ಬ್ಯಾಂಕಿನ ಡೇಟಾ ಸೋರಿಕೆಯ ದಾರಿ ಇದೇ. ಅದೇ ವರ್ಷ ಎಡಬ್ಲ್ಯುಎಸ್ (ಅಮೆಜಾನ್‌ನ ಕ್ಲೌಡ್) ತಂದ ಈ ಸೇವೆಯ ಎರಡನೇ ಆವೃತ್ತಿಯಲ್ಲಿ ಮೊದಲು ಪುಟ್ ಕೋರಿಕೆಯಿಂದ ಟೋಕನ್ ಪಡೆದು, ಅದನ್ನು ಹೆಡರ್‌ನಲ್ಲಿ ಕೊಡಬೇಕು. ಸಾದಾ ಗೆಟ್ ಕೋರಿಕೆ ಇಲ್ಲಿ ಸೋಲುತ್ತದೆ. ಆದರೆ ವೆಬ್‌ಹುಕ್ ಪೆಟ್ಟಿಗೆ ವಿಧಾನ ಮತ್ತು ಹೆಡರ್ ಎರಡನ್ನೂ ಆರಿಸಲು ಬಿಟ್ಟು, ಉತ್ತರವನ್ನೂ ತೋರಿಸಿದರೆ ಈ ರಕ್ಷಣೆ ಉಳಿಯುವುದಿಲ್ಲ. ಪೋಸ್ಟ್ ಒಂದನ್ನೇ ಇಟ್ಟು, ಉತ್ತರದ ಸ್ಥಿತಿ ಸಂಖ್ಯೆಯನ್ನಷ್ಟೇ ತೋರಿಸಿ.

ಸರಿಪಡಿಸಿದ ಮೇಲೆ ಅದೇ ವಿಳಾಸಗಳ ಪಟ್ಟಿಯನ್ನು ಸ್ವಯಂಚಾಲಿತ ಪರೀಕ್ಷೆಯಾಗಿ ಉಳಿಸಿಕೊಳ್ಳುತ್ತೇನೆ. ಪಾಸ್ ಎನ್ನುವುದಕ್ಕೆ ಪ್ಯಾನೆಲ್‌ನ "ಅನುಮತಿ ಇಲ್ಲ" ಸಂದೇಶ ಸಾಲದು. ಕೋರಿಕೆ ಕಳಿಸಿಯಾದ ಮೇಲೆ ಆ ಸಂದೇಶ ತೋರಿಸುವ ಕೋಡ್ ಇರುತ್ತದೆ. ಒಳಗಿನ ಕೇಳುಗನ ಲಾಗ್ ಖಾಲಿ ಇದ್ದರೆ ಮಾತ್ರ ಪಾಸ್.