ಸುಳ್ಳು ಪಾಲುಪಟ್ಟಿ ಹಾಕದೆ ಪಾಲಿನ ದಾವೆ ನಡೆಸಿದ್ದು: ನನ್ನ ಅನುಭವ

"ಪಾರ್ಟಿ (ಕಕ್ಷಿದಾರ) ಹೇಳಿದ್ದನ್ನು ಬರೆಯದಿದ್ದರೆ ಆಫೀಸಿನ ಬಾಡಿಗೆಯೂ ಹುಟ್ಟಲ್ಲ" ಎಂದು ಕೋರ್ಟಿನ ವಕೀಲರ ಬಾರ್ ರೂಮಿನಲ್ಲಿ ಹೇಳಿದವರು ಬಹಳ. ಸುಳ್ಳು ಕಾಗದ ಹಾಕುವುದು ಬಿಟ್ಟು ಎಂಟು ವರ್ಷವಾಯಿತು. ಬಾಡಿಗೆ ಹುಟ್ಟಿದೆ, ಹೋದ ವರ್ಷ ಎರಡನೇ ಜೂನಿಯರನ್ನೂ ಇಟ್ಟುಕೊಂಡೆ.

ನನ್ನದು ತುಮಕೂರು ಸೀಮೆಯ ಒಂದು ತಾಲ್ಲೂಕು ಕೋರ್ಟು. ಫೈಲುಗಳಲ್ಲಿ ಅರ್ಧಕ್ಕೂ ಹೆಚ್ಚು ಪಾಲಿನವು. ತಂಗಿ ದಾವೆ ಹಾಕುತ್ತಾಳೆ. ಅಣ್ಣ 20-12-2004ಕ್ಕಿಂತ ಹಿಂದಿನ ತಾರೀಖಿನ, ರಿಜಿಸ್ಟರ್ ಆಗದ ಪಾಲುಪಟ್ಟಿ (ಆಸ್ತಿ ಹಂಚಿಕೊಂಡ ಕಾಗದ) ತರುತ್ತಾನೆ; ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟ 2005ರ ತಿದ್ದುಪಡಿ ಆ ದಿನಕ್ಕಿಂತ ಮೊದಲೇ ಆದ ಪಾಲನ್ನು ಮುಟ್ಟುವುದಿಲ್ಲವಲ್ಲ. 2020ರಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಎಂದ ಸುಪ್ರೀಂ ಕೋರ್ಟಿನ ವಿನೀತಾ ಶರ್ಮ ತೀರ್ಪು ಬಂದ ಮೇಲೂ ಇಂಥ ಕಾಗದ ಬರುವುದು ನಿಂತಿಲ್ಲ.

ಮೊದಲು ನಾನೂ ಅಂಥದ್ದೊಂದನ್ನು ಹಾಜರುಪಡಿಸಿದ್ದೆ. 1998ರ ತಾರೀಖು. ಬಣ್ಣ ಮಡಿಕೆಯ ಒಳಗೂ ಹೊರಗೂ ಒಂದೇ ಸಮ ಇತ್ತು, ಚಹಾ ನೀರಿನಲ್ಲಿ ಅದ್ದಿದಂತೆ. ನಿಜವಾದ ಹಳೇ ಕಾಗದ ಮಡಿಕೆಯ ಗೆರೆಯಲ್ಲಿ ಕಪ್ಪಾಗಿ ಹರಿದಿರುತ್ತದೆ, ಒಳಮೈ ತಿಳಿಯಾಗಿರುತ್ತದೆ. ನನಗೆ ಕಾಣಿಸಿತ್ತು, ಸುಮ್ಮನಿದ್ದೆ. ಪಾಟೀಸವಾಲಿನಲ್ಲಿ ಎದುರು ವಕೀಲರು ಕೇಳಿದ್ದು ಒಂದೇ ಮಾತು: "ಇದರಲ್ಲಿರೋ ಹಿಸ್ಸಾ ನಂಬರು ಯಾವಾಗ ಬಂತು?" ಸರ್ವೆ ನಂಬರನ್ನು ಒಡೆದು ಹಿಸ್ಸಾ ನಂಬರು ಕೊಡುವ ಪೋಡಿ ಆದದ್ದು 2011ರಲ್ಲಿ. ನನ್ನ ಪಾರ್ಟಿ ಕಟಕಟೆಯಿಂದ ನನ್ನ ಮುಖ ನೋಡಿದ. ಆ ನೋಟ ಇನ್ನೂ ಮರೆತಿಲ್ಲ.

ಆಮೇಲೆ ಪದ್ಧತಿ ಬದಲಿಸಿದೆ. ವಕಾಲತ್ತಿಗೆ ಸಹಿ ಹಾಕುವ ಮೊದಲು ಪಹಣಿ, ಎಂಆರ್ (ಖಾತೆ ಬದಲಾವಣೆಯ ದಾಖಲೆ), ವಂಶವೃಕ್ಷ ಎಲ್ಲ ತರಿಸಿ ಪಾರ್ಟಿಯ ಜೊತೆ ಒಬ್ಬನೇ ಕೂತು ಓದುತ್ತೇನೆ. ತಕರಾರಿನ (ದಾವೆಗೆ ಕೊಡುವ ಲಿಖಿತ ಉತ್ತರದ) ಕೊನೆಯ ಪ್ರಮಾಣದ ಸಾಲನ್ನು ಜೋರಾಗಿ ಓದಿ, "ಇದರ ಕೆಳಗೆ ಸಹಿ ಹಾಕೋರು ನೀವು" ಎನ್ನುತ್ತೇನೆ. ಸುಳ್ಳು ಕಾಗದವಾದರೆ ಹಾಕಲ್ಲ. ಆದರೆ ಅವರು ನನಗೆ ಹೇಳಿದ್ದು ನನ್ನಲ್ಲೇ ಉಳಿಯುತ್ತದೆ, ಯಾರ ಮುಂದೆಯೂ ಬಾಯಿ ಬಿಡುವುದಿಲ್ಲ.

ಮೊದಲ ವರ್ಷ ಒಂಬತ್ತೋ ಹತ್ತೋ ಫೈಲು ಎದ್ದು ಹೋದವು. ತಿಂಗಳಿಗೆ ನಲವತ್ತು ಸಾವಿರದ ಆಸುಪಾಸು ಬರುತ್ತಿದ್ದದ್ದು ಇಪ್ಪತ್ತೆರಡಕ್ಕೆ ಇಳಿಯಿತು. ಮನೆಯಾಕೆಯ ಬಳೆ ಸೊಸೈಟಿ ಸೇರಿತು. ಊರ ಹಿರಿಯರನ್ನು ಕೂರಿಸಿ ರಾಜಿ ಮಾಡಿಸಿ ನೋಡಿದೆ; ಅವರು ತಂಗಿಗೆ ಸೀರೆ, ಕುಂಕುಮ ಕೊಟ್ಟು ಕಳಿಸುವ ಮಾತಾಡಿದರು. ಅದು ಅಲ್ಲಿಗೇ ಬಿಟ್ಟೆ. ಚೆಕ್ ಬೌನ್ಸ್ ಕೇಸುಗಳಲ್ಲೂ ಇದೇ ಕ್ರಮ ಹಿಡಿದೆ. ಅಲ್ಲಿ ಎದುರಿನವರು ಕಂತಿಗೆ ಒಪ್ಪಿದರೆ ಮಾತ್ರ ಕೆಲಸವಾಗುತ್ತದೆ.

ದಾರಿ ಸಿಕ್ಕಿದ್ದು ಒಂದು 4 ಎಕರೆ 20 ಗುಂಟೆಯ ದಾವೆಯಲ್ಲಿ. ಅಣ್ಣ ನನ್ನ ಪಾರ್ಟಿ. "ಮೂವತ್ತು ವರ್ಷ ನಾನೇ ಉತ್ತಿದೀನಿ ಸ್ವಾಮಿ, ಅವಳ ಮದುವೆ ಸಾಲವೂ ನಾನೇ ತೀರಿಸಿದೆ" ಎಂದ. ಅದೂ ನಿಜ, ಆದರೆ ಕಾನೂನಿನಲ್ಲಿ ತಂಗಿಗೆ ಅರ್ಧ. ಅವಳ ಪಾಲು ಎಷ್ಟೆಂದು ಅವಳ ವಕೀಲರು ಅವಳಿಗೆ ಬಿಡಿಸಿ ಹೇಳುವ ತನಕ ನಾನು ರಾಜಿ ಮಾತೆತ್ತುವುದಿಲ್ಲ, ಮಾತೂ ಅವರ ಮೂಲಕವೇ. ಗೊತ್ತಿಲ್ಲದವಳಿಂದ ಸಹಿ ಹಾಕಿಸಿಕೊಂಡರೆ ಅದು ರಾಜಿಯಲ್ಲ, ಕಳ್ಳತನ.

ಇಬ್ಬರನ್ನೂ ವಕೀಲರ ಸಮೇತ ಹೊಲಕ್ಕೇ ಕರೆದೊಯ್ದೆವು. ಅಲ್ಲಿ ನಾನು ಮೊದಲು ಕೇಳುವ ಪ್ರಶ್ನೆ ಇಲ್ಲಿ ಬರೆಯಲ್ಲ, ಅದು ನನ್ನ ಬದುಕು. ಕೇಳಿದಾಗ ತಂಗಿ ತೆಂಗಿನ ಬುಡ ಮುಟ್ಟಿ, "ಇದು ಅಪ್ಪ ನೆಟ್ಟದ್ದು ಕಣಣ್ಣ" ಎಂದಳು. ಅವನು ತಲೆ ತಗ್ಗಿಸಿದ. ರಸ್ತೆ ಬದಿಯ 1 ಎಕರೆ 30 ಗುಂಟೆ ಅವಳಿಗೆ, ಬೋರ್‌ವೆಲ್ ಅವನಿಗೆ, ಮೇಲೆ ಕೈಗೆ ಒಂದಿಷ್ಟು ದುಡ್ಡು. ಲೋಕ ಅದಾಲತ್ತಿನಲ್ಲಿ ಅವಾರ್ಡ್ (ರಾಜಿಯ ತೀರ್ಪು) ಆಯಿತು. ಅದರ ಮೇಲೆ ಅಪೀಲಿಲ್ಲ.

ಇಲ್ಲಿಯವರೆಗೆ ಇಂಥವು ಮೂವತ್ತರ ಮೇಲೆ ಮುಗಿದಿವೆ, ಹತ್ತು ಹನ್ನೆರಡು ಮುರಿದೂ ಬಿದ್ದಿವೆ. ಫೀಸು ಹಂತಕ್ಕಿಷ್ಟು ಎಂದು ಮೊದಲೇ ಬರೆದುಕೊಡುತ್ತೇನೆ, ಗೆದ್ದರೂ ಸೋತರೂ ಅಷ್ಟೇ. ಗೆದ್ದ ಎಕರೆಗಿಷ್ಟು ಎಂದು ಮಾತಾಡುವುದಕ್ಕೆ ಬಾರ್ ಕೌನ್ಸಿಲ್ ನಿಯಮದಲ್ಲೇ ಅವಕಾಶವಿಲ್ಲ. ಈಗ ಫೈಲು ತರುವವರಲ್ಲಿ ಹೆಚ್ಚಿನವರು ಹಳೇ ಕೇಸುಗಳ ಎದುರು ಪಾರ್ಟಿಗಳೇ. ಹೋದ ತಿಂಗಳು ಆ ತಂಗಿಯೇ ಗಂಡನ ಮನೆಯ ಪಹಣಿ ಹಿಡಿದು ಬಂದಿದ್ದಳು.