ಕತ್ತರಿಸಿದ ನರಕ್ಕೆ ಕೆಲಸ ಕೊಟ್ಟೆವು: ಎರಡನೆಯ ಶಸ್ತ್ರಚಿಕಿತ್ಸೆಯ ನನ್ನ ಅನುಭವ

ಬಲಗೈಯ ನರದ ನೋವಿಗೆ ಎರಡನೆಯ ಸಲ ಕೈ ಕೊಯ್ಯಿಸಿಕೊಳ್ಳುತ್ತೇನೆ ಎಂದಾಗ ನಮ್ಮ ಕಾಕಾ ಹೇಳಿದ್ದು ಇಷ್ಟೇ: ‘ಒಮ್ಮೆ ಕೆಟ್ಟ ಜಾಬನ್ನು ಮತ್ತೆ ಲೇಥಿಗೆ ಹಾಕಿದರೆ ಸೈಜು ಇನ್ನಷ್ಟು ಇಳಿಯುತ್ತದೆ, ಏರುವುದಿಲ್ಲ.’ ನಲವತ್ತು ವರ್ಷ ಲೇಥ್ ಓಡಿಸಿದವರ ಮಾತು, ತೆಗೆದುಹಾಕುವಂತಿರಲಿಲ್ಲ. ಆದರೂ ಕೊಯ್ಯಿಸಿಕೊಂಡೆ. ಈಗ ಎರಡೂವರೆ ವರ್ಷ ಕಳೆದಿದೆ. ಬಲಗೈಗೆ ವಾಚು ಕಟ್ಟುತ್ತೇನೆ. ಎಡಗೈ ಖಾಲಿ ಇದ್ದರೂ ಬಲಗೈಗೇ ಕಟ್ಟುತ್ತೇನೆ, ಕಾಕಾ ನೋಡಲಿ ಎಂದು.

ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ನನ್ನದು ಮೂರು ಲೇಥ್‌ಗಳ ಸಣ್ಣ ವರ್ಕ್‌ಶಾಪ್. ಹೈಡ್ರಾಲಿಕ್ ಸಿಲಿಂಡರಿನ ಬಿಡಿಭಾಗಗಳ ಜಾಬ್ ವರ್ಕ್ ಮಾಡುತ್ತೇವೆ. 2016ರ ಮಳೆಗಾಲದಲ್ಲಿ ಒಂದು ಶಾಫ್ಟ್ ತಿರುಗಿಸುವಾಗ ಲೋಹದ ಸಿಪ್ಪೆ, ಅಂದರೆ ಚಿಪ್, ತುಂಡಾಗದೆ ಉದ್ದಕ್ಕೆ ಸುರುಳಿ ಸುತ್ತಿಕೊಂಡು ಬರುತ್ತಿತ್ತು. ಕೊಕ್ಕೆಯಿಂದ ಎಳೆಯಬೇಕಾದದ್ದನ್ನು ಕೈಯಿಂದ ಎಳೆಯಹೋದೆ. ಹುಡುಗರು ಹೀಗೆ ಮಾಡಿದರೆ ಬೈಯುವವನು ನಾನೇ. ಮಣಿಕಟ್ಟಿನಿಂದ ನಾಲ್ಕು ಬೆರಳು ಮೇಲೆ, ಹೆಬ್ಬೆರಳಿನ ಬದಿಗೆ ಸೀಳಿತು. ಐದೋ ಆರೋ ಹೊಲಿಗೆ ಬಿತ್ತು. ಹೆಬ್ಬೆರಳಿನ ಹಿಂಬದಿ ಜೋಮು ಹಿಡಿದಿದೆ ಎಂದೆ. ಗಾಯ ಒಣಗಿದರೆ ಹೋಗುತ್ತದೆ ಎಂದರು. ಗಾಯ ಒಣಗಿತು. ಎರಡು ತಿಂಗಳಿಗೆ ಶರ್ಟಿನ ತೋಳು ತಾಗಿದರೂ ಭುಜದವರೆಗೆ ಕರೆಂಟ್ ಹೊಡೆಯತೊಡಗಿತು.

ನರದ ನೋವು ಉಂಡವರಿಗೆ ಅದರ ವರ್ಣನೆ ಬೇಕಿಲ್ಲ. ಅವರೆಲ್ಲ ರಾತ್ರಿ ಹೊದಿಕೆ ತಾಗದಂತೆ ಕೈ ಹೊರಗಿಟ್ಟು ಮಲಗಿದವರೇ.

ಮೊದಲ ಎರಡು ವರ್ಷ ಹೋದದ್ದು ತಪ್ಪು ಹೆಸರಿನ ಹಿಂದೆ. ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಿಸಿ ಮಣಿಕಟ್ಟನ್ನು ಕಿರುಬೆರಳಿನ ಕಡೆಗೆ ಬಾಗಿಸುವ ಪರೀಕ್ಷೆ ಇದೆಯಲ್ಲ, ಅದರಲ್ಲಿ ನಾನು ಚೀರಿದೆ. ಸ್ನಾಯುರಜ್ಜಿನ ಉರಿಯೂತ ಎಂದು ಬರೆದರು, ಸ್ಟೆರಾಯ್ಡ್ ಇಂಜೆಕ್ಷನ್ ಎರಡು ಸಲ ಚುಚ್ಚಿದರು. ಹಾಗೆ ಬಾಗಿಸಿದರೆ ರಜ್ಜಿನ ಜೊತೆಗೆ ಅದರ ಮೇಲೆ ಹಾಯುವ ರೇಡಿಯಲ್ ನರದ ಚರ್ಮದ ಕವಲೂ ಎಳೆಯುತ್ತದೆ, ನನಗೆ ಪೆಟ್ಟಾದದ್ದು ಆ ಕವಲಿಗೆ. ಎರಡು ರೋಗಕ್ಕೂ ಒಂದೇ ಚೀರಾಟ. ಹಳೆಯ ಗಾಯದ ಗೆರೆಯ ಮೇಲೆ ಬೆರಳಿನಿಂದ ಒಮ್ಮೆ ತಟ್ಟಿ ನೋಡಿದ್ದರೆ ಅಂದೇ ಗೊತ್ತಾಗುತ್ತಿತ್ತು. ಟಿನೆಲ್ ಎಂಬ ಫ್ರೆಂಚ್ ವೈದ್ಯ ಮೊದಲ ಮಹಾಯುದ್ಧದ ಗಾಯಾಳುಗಳಲ್ಲಿ ಹೀಗೆ ತಟ್ಟಿ ನೋಡಿ 1915ರಲ್ಲೇ ಬರೆದಿಟ್ಟ ಪರೀಕ್ಷೆ ಅದು, ಕಾಸು ಖರ್ಚಿಲ್ಲ. ನನಗೆ ಮಾತ್ರ ಕುತ್ತಿಗೆಯ ಎಂಆರ್‌ಐ ಆಯಿತು, ಸುಮಾರು ಏಳು ಸಾವಿರ. ಕುತ್ತಿಗೆ ಚೆನ್ನಾಗಿದೆ ಎಂದು ತಿಳಿಯಿತು, ಸಂತೋಷ.

ಮಾತ್ರೆಗಳ ಕಥೆ ಚುಟುಕಾಗಿ ಹೇಳುತ್ತೇನೆ. ನರದ ನೋವಿನ ಮಾತ್ರೆ ಪ್ರೆಗಾಬಾಲಿನ್ 75 ಮಿಲಿಗ್ರಾಂನಿಂದ ಶುರುವಾಗಿ ಬೆಳಿಗ್ಗೆ 75, ರಾತ್ರಿ 150ಕ್ಕೆ ನಿಂತಿತು. ರಾತ್ರಿಗೆ ಅಮಿಟ್ರಿಪ್ಟಿಲಿನ್ 10. ನೋವು ಹತ್ತರಲ್ಲಿ ಎಂಟರಿಂದ ಆರಕ್ಕೆ ಇಳಿಯಿತು, ತೂಕ ಏಳೆಂಟು ಕಿಲೋ ಏರಿತು. ಒಂದು ಮಧ್ಯಾಹ್ನ ಲೇಥ್ ಮುಂದೆಯೇ ತೂಕಡಿಸಿದೆ. ನಮ್ಮ ಹಳೆಯ ಆಪರೇಟರ್ ಯಂತ್ರ ಆಫ್ ಮಾಡಿ, ‘ಮಾಲಕರೇ, ಇನ್ನು ನೀವು ಆಫೀಸಿನಲ್ಲಿ ಕೂರಿ’ ಎಂದ. ಸಿಟ್ಟಿನಲ್ಲಿ ಅಂದೇ ಎಲ್ಲ ಮಾತ್ರೆ ನಿಲ್ಲಿಸಿದೆ. ಮೂರು ರಾತ್ರಿ ನಿದ್ದೆಯಿಲ್ಲ, ಬೆವರು, ವಾಕರಿಕೆ. ಅದನ್ನು ಯಾರೂ ಮಾಡಬೇಡಿ, ವೈದ್ಯರನ್ನು ಕೇಳಿ ವಾರವಾರಕ್ಕೆ ಇಳಿಸಬೇಕು.

ನಡುವೆ ನನ್ನದೇ ಪ್ರಯೋಗಗಳೂ ನಡೆದವು. ಮೆಣಸಿನ ಖಾರದ ಸತ್ವದಿಂದ ಮಾಡಿದ ಕ್ಯಾಪ್ಸೈಸಿನ್ ಮುಲಾಮು ನರದ ನೋವಿಗೆ ಹಚ್ಚುತ್ತಾರೆ ಎಂದು ಓದಿ, ಟ್ಯೂಬಿಗೆ ದುಡ್ಡು ಏಕೆ ಎಂದು ಮನೆಯಲ್ಲೇ ಎಣ್ಣೆ ಕಾಸಿದೆ. ಮೊದಲು ಬ್ಯಾಡಗಿ ಮೆಣಸಿನಕಾಯಿ. ಕೈ ಕೆಂಪಾಯಿತೇ ಹೊರತು ಖಾರ ಹತ್ತಲಿಲ್ಲ, ಬ್ಯಾಡಗಿಯ ಗುಣವೇ ಬಣ್ಣ. ಆಮೇಲೆ ಗುಂಟೂರು ತಂದೆ. ಬೊಬ್ಬೆ ಎದ್ದಿತು, ಅದೇ ಕೈಯಿಂದ ಕಣ್ಣು ಒರೆಸಿಕೊಂಡೆ. ಮನೆಯವಳು ಆ ಬಾಟಲಿಯನ್ನು ನಾನಿಲ್ಲದಾಗ ಮೋರಿಗೆ ಸುರಿದಳು. ಚರ್ಮದ ಮೇಲೆ ಸಣ್ಣ ಕರೆಂಟ್ ಹರಿಸುವ ಟೆನ್ಸ್ ಯಂತ್ರ ಸಾವಿರದ ಎಂಟುನೂರೋ ಎರಡು ಸಾವಿರವೋ, ಹಚ್ಚಿಕೊಂಡಷ್ಟು ಹೊತ್ತು ಸುಖ, ತೆಗೆದರೆ ಮೊದಲಿನಂತೆಯೇ. ತಾಮ್ರದ ಕಡಗವನ್ನು ನಾನೇ ತಿರುಗಿಸಿ ಮಾಡಿದೆ, ಫಿನಿಶಿಂಗ್ ಚೆನ್ನಾಗಿ ಬಂದಿತ್ತು, ಅಷ್ಟೇ.

ಒಂದು ಪ್ರಯೋಗ ಮಾತ್ರ ಫಲ ಕೊಟ್ಟಿತು, ಅದರ ಬಗ್ಗೆ ಸ್ವಲ್ಪ ಕೊಚ್ಚಿಕೊಳ್ಳುತ್ತೇನೆ. ನೋವು ಎಷ್ಟು ಎಂದು ವೈದ್ಯರು ಕೇಳಿದಾಗಲೆಲ್ಲ ಬಾಯಿಗೆ ಬಂದ ಸಂಖ್ಯೆ ಹೇಳುವುದು ನನಗೆ ಸರಿಬರಲಿಲ್ಲ. ಅಳತೆಯಿಲ್ಲದ ಜಾಬನ್ನು ನಾವು ಪಾಸ್ ಮಾಡುತ್ತೇವೆಯೇ? ಪೆನ್ನಿನ ಗಾತ್ರದ ಅಲ್ಯೂಮಿನಿಯಂ ಕೊಳವೆ, ಒಳಗೆ ಸ್ಪ್ರಿಂಗ್, ತುದಿಗೆ ಹಿತ್ತಾಳೆಯ ಪಿನ್ನು, ಪಕ್ಕದಲ್ಲಿ ಗೆರೆ. ಅಕ್ಕಸಾಲಿಗರ ತಕ್ಕಡಿಯ ಮೇಲೆ ಒತ್ತಿ ಒತ್ತಿ ಗೆರೆ ಕೊರೆದೆ. ಎಷ್ಟು ಗ್ರಾಂ ಒತ್ತಿದಾಗ ಕರೆಂಟ್ ಹೊಡೆಯುತ್ತದೆ ಎಂದು ಪ್ರತಿ ಭಾನುವಾರ ಡೈರಿಯಲ್ಲಿ ಬರೆದೆ. ಪಿನ್ನಿನ ತುದಿಯ ಆಕಾರವನ್ನೂ ಸ್ಪ್ರಿಂಗ್ ಎಲ್ಲಿಯದು ಎಂಬುದನ್ನೂ ಇಲ್ಲಿ ಹೇಳುವುದಿಲ್ಲ. ನಾಲ್ಕು ಸಲ ಹಾಳಾದ ಮೇಲೆ ಕೂಡಿಬಂದದ್ದು ಅದು. ಬೇಕಾದವರು ವರ್ಕ್‌ಶಾಪಿಗೆ ಬಂದು ಚಹಾ ಕುಡಿದು ನೋಡಲಿ.

2019ರ ಜುಲೈಯಲ್ಲಿ ಮೊದಲ ಶಸ್ತ್ರಚಿಕಿತ್ಸೆ, ಗಡಿಯಾಚೆ ಮಹಾರಾಷ್ಟ್ರದ ಒಂದು ಆಸ್ಪತ್ರೆಯಲ್ಲಿ. ಅಷ್ಟರಲ್ಲಿ ಅಲ್ಟ್ರಾಸೌಂಡಿನಲ್ಲಿ ನರದ ಗಂಟು ಸಿಕ್ಕಿತ್ತು, ಜೋಳದ ಕಾಳಿಗಿಂತ ತುಸು ದೊಡ್ಡದು. ಗಂಟು ಕತ್ತರಿಸಿ ತೆಗೆದರು. ಖರ್ಚು ಮೂವತ್ತೆಂಟು ಸಾವಿರದ ಆಸುಪಾಸು. ಹೊಲಿಗೆ ಬಿಚ್ಚಿಸಲು ಹೋಗಬೇಕಾದ ವಾರವೇ ಆಗಸ್ಟಿನ ಮಹಾಪೂರ. ಕೊಲ್ಹಾಪುರದ ಹೆದ್ದಾರಿ ನೀರಿನಲ್ಲಿ ಮುಳುಗಿ ಬಂದ್ ಆಗಿತ್ತು. ಇಲ್ಲಿಯೇ ಬಿಚ್ಚಿಸಿಕೊಂಡೆ. ಕೆಟ್ಟದ್ದಕ್ಕೆ ಪೂರವನ್ನು ದೂರುವುದಿಲ್ಲ, ಹೊಲಿಗೆಯ ಗಾಯ ಚೆನ್ನಾಗಿಯೇ ಮಾಗಿತು. ಗಂಟು ತೆಗೆಯುವ ಮೊದಲು ನನ್ನ ಅಳತೆ 40 ಗ್ರಾಂ. ಎರಡು ತಿಂಗಳಿಗೆ 300. ಪೇಢೆ ಹಂಚಿದೆ. ಕ್ರಿಸ್‌ಮಸ್ ಹೊತ್ತಿಗೆ 150, ಬೆಳಗಾವಿಯ ಚಳಿ ಎಂದುಕೊಂಡೆ. ಫೆಬ್ರವರಿಗೆ 30. ಮೊದಲಿಗಿಂತ ಕೆಟ್ಟಿತು. ಮಾರ್ಚಿನಲ್ಲಿ ಲಾಕ್‌ಡೌನ್. ವರ್ಕ್‌ಶಾಪಿಗೆ ಬೀಗ, ಕೈಗೆ ಕರೆಂಟ್, ತಲೆಯ ಮೇಲೆ ಯಂತ್ರದ ಸಾಲದ ಕಂತು. ಆ ವರ್ಷದ ಬಗ್ಗೆ ಹೆಚ್ಚು ಬರೆಯುವ ಮನಸ್ಸಿಲ್ಲ.

2022ರಲ್ಲಿ ಬೆಳಗಾವಿಯಲ್ಲೇ ಒಬ್ಬ ಪ್ಲಾಸ್ಟಿಕ್ ಸರ್ಜನ್ ಬಳಿ ಹೋದೆ, ವಯಸ್ಸಿನಲ್ಲಿ ನನಗಿಂತ ಹತ್ತು ವರ್ಷ ಚಿಕ್ಕವರು. ಡೈರಿ ಕೊಟ್ಟೆ. ಇದುವರೆಗೆ ಯಾರೂ ಅದನ್ನು ತೆರೆದಿರಲಿಲ್ಲ. ಇವರು ಪುಟ ತಿರುಗಿಸಿ, ಫೆಬ್ರವರಿಯ ಮೇಲೆ ಬೆರಳಿಟ್ಟು, ‘ಗಂಟು ಮತ್ತೆ ಬೆಳೆದಿದೆ ನೋಡಿ’ ಎಂದರು. ‘ನರ ಕತ್ತರಿಸುವುದು ಸುಲಭ ರೀ. ಕತ್ತರಿಸಿದ ತುದಿ ಸುಮ್ಮನೆ ಕೂರುವುದಿಲ್ಲ. ಎಲ್ಲಿಗೋ ಹೋಗಬೇಕು ಎಂದು ಎಳೆ ಬಿಡುತ್ತಲೇ ಇರುತ್ತದೆ. ದಾರಿ ಸಿಗದಿದ್ದರೆ ಅಲ್ಲೇ ಸಿಕ್ಕುಸಿಕ್ಕಾಗಿ ಗಂಟಾಗುತ್ತದೆ. ಅದಕ್ಕೊಂದು ಕೆಲಸ ಕೊಡಬೇಕು.’

ಕೆಲಸ ಎಂದರೆ ಸ್ನಾಯುವಿನ ಒಂದು ತುಂಡು. ನರವನ್ನು ಹಳೆಯ ಗಾಯದಿಂದ ದೂರ, ಮೇಲೆ ಆರೋಗ್ಯವಾಗಿರುವಲ್ಲಿ ಕತ್ತರಿಸಿ, ತುದಿಗೆ ಆ ತುಂಡನ್ನು ಕಂಬಳಿಯಂತೆ ಸುತ್ತಿ ಹೊಲಿಯುತ್ತಾರೆ. ಬೇರೆ ಕಡೆಯಿಂದ ಬಂದ ತುಂಡಿಗೂ ನರವಿಲ್ಲ, ನರಕ್ಕೂ ನೆಲೆಯಿಲ್ಲ, ಎರಡೂ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದವರು ಕೃತಕ ಕೈಗೆ ನರದ ಸಂಕೇತ ಪಡೆಯಲೆಂದು ಬೆಳೆಸಿದ ವಿಧಾನವಂತೆ. ನೋವು ಕಡಿಮೆ ಮಾಡುತ್ತದೆ ಎಂಬುದು ಆಮೇಲೆ ಕೈಗೆ ಹತ್ತಿದ ಲಾಭ.

ನಾನು ತಕ್ಷಣ ಒಪ್ಪಲಿಲ್ಲ. ಅವರೂ ಅವಸರ ಮಾಡಲಿಲ್ಲ, ಮೊದಲು ಬ್ಲಾಕ್ ಕೊಟ್ಟು, ಅಂದರೆ ನರವನ್ನು ಸ್ವಲ್ಪ ಹೊತ್ತು ಮರಗಟ್ಟಿಸಿ ನೋಡೋಣ ಎಂದರು. ಗಂಟಿನ ಮೇಲ್ಗಡೆ ನರದ ಸುತ್ತ ಲಿಗ್ನೋಕೇನ್ ಚುಚ್ಚಿದರು, ಎರಡು ಮಿಲಿಗಿಂತ ಹೆಚ್ಚಿರಲಿಲ್ಲ. ಎಲ್ಲರೂ ಅಲ್ಲೇ ಬೆಂಚಿನ ಮೇಲೆ ಕುಳಿತು ‘ಕಡಿಮೆ ಆಯಿತು’ ಎಂದು ಹೇಳಿ ಬರುತ್ತಾರೆ. ನನಗೆ ಅದು ಸಾಲಲಿಲ್ಲ. ಅವರನ್ನು ಕೇಳಿಕೊಂಡು, ಹುಡುಗನ ಬೈಕಿನ ಹಿಂದೆ ಕುಳಿತು ಮೂರನೇ ರೈಲ್ವೆ ಗೇಟ್ ದಾಟಿ ವರ್ಕ್‌ಶಾಪಿಗೆ ಬಂದೆ. ಪ್ರತಿ ಗುಂಡಿಗೂ ಹಲ್ಲು ಕಚ್ಚುತ್ತಿದ್ದ ರಸ್ತೆಯಲ್ಲಿ ಅಂದು ಮಾತಾಡುತ್ತ ಬಂದೆ. ಉದ್ದ ತೋಳಿನ ಶರ್ಟು ಹಾಕಿ ಗುಂಡಿ ಬಿಗಿದೆ. ಆರು ವರ್ಷಗಳ ಮೇಲೆ ವಾಚು ಕಟ್ಟಿದೆ. ಚಕ್ ನಿಲ್ಲಿಸಿಯೇ ಕ್ರಾಸ್ ಸ್ಲೈಡಿನ ಹ್ಯಾಂಡಲ್ ಹಿಡಿದು ಹಿಂದೆ ಮುಂದೆ ತಿರುಗಿಸಿದೆ. ಹೆಬ್ಬೆರಳ ಹಿಂಭಾಗ ಮರಗಟ್ಟಿತ್ತು, ಹಿಡಿತ ಮಾತ್ರ ಪೂರ್ತಿ ಇತ್ತು, ಏಕೆಂದರೆ ಈ ಕವಲು ಚರ್ಮದ್ದು, ಬೆರಳು ಆಡಿಸುವುದಲ್ಲ. ಒಂದೂವರೆ ಗಂಟೆ ಹಾಗೆಯೇ ತಿರುಗಿಸುತ್ತ ನಿಂತಿದ್ದೆ. ಅಳತೆಯ ಕೋಲು ಕೊನೆಯ ಗೆರೆಗೆ ಹೋಗಿ ನಿಂತಿತು, 600 ಗ್ರಾಂ. ಆಪರೇಟರ್ ಒಂದು ಮಾತೂ ಆಡದೆ ಚಹಾ ತರಿಸಿದ. ಐದು ಗಂಟೆಯ ಹೊತ್ತಿಗೆ ಒಂದೊಂದೇ ಮಿಂಚು ಮರಳಿ ಬಂತು, ವಾಚು ಬಿಚ್ಚಿದೆ.

ಇನ್ನೊಂದು ದಿನ ಬೇರೆ ಔಷಧಿಯಿಂದ ಮತ್ತೊಮ್ಮೆ ಬ್ಲಾಕ್ ಮಾಡಿಸಿದೆ, ಅದೇ ಫಲ. ಆಗ ಒಪ್ಪಿದೆ. ಬ್ಲಾಕ್ ಕೊಟ್ಟರೂ ನೋವು ಹಾಗೆಯೇ ಉಳಿಯುವವರು, ಇಡೀ ಕೈ ಊದಿಕೊಂಡು ಬಣ್ಣ ಬದಲಾಗುವವರು ನನ್ನ ಮಾತು ಕೇಳಿ ಟೇಬಲ್ ಹತ್ತಬೇಡಿ. ಅದು ಬೇರೆ ಕಾಯಿಲೆ ಇರಬಹುದು.

ಹಣ ಹೊಂದಿಸಲು ಮಿಲ್ಲಿಂಗ್ ಯಂತ್ರ ಮಾರಿದೆ, ಒಂದು ಲಕ್ಷ ಅರವತ್ತು ಸಾವಿರಕ್ಕೆ. ಶಸ್ತ್ರಚಿಕಿತ್ಸೆಗೆ ಹಿಡಿದದ್ದು ಒಂದು ಲಕ್ಷ ಹತ್ತೋ ಹದಿನೈದೋ ಸಾವಿರ. ವಿಮೆಯವರು ಮೊದಲು ಆಗುವುದಿಲ್ಲ ಎಂದರು, ಆಮೇಲೆ ಅರ್ಧಕ್ಕಿಂತ ತುಸು ಹೆಚ್ಚು ಕೊಟ್ಟರು. ಕಾಗದದಲ್ಲಿ ಯಾವ ಒಂದು ಶಬ್ದ ಬದಲಾಯಿಸಿದ್ದಕ್ಕೆ ಕೊಟ್ಟರು ಎಂಬುದನ್ನು ಬರೆದರೆ ನಾಳೆ ಅವರೂ ಓದುತ್ತಾರೆ, ಆದ್ದರಿಂದ ಬೇಡ.

ನವೆಂಬರಿನಲ್ಲಿ ಮಾಡಿದರು. ಭುಜಕ್ಕೆ ಅರಿವಳಿಕೆ, ನನಗೆ ಎಚ್ಚರವಿತ್ತು, ಪರದೆಯ ಆಚೆ ಮಾತು ಕೇಳಿಸುತ್ತಿತ್ತು. ಸ್ನಾಯುವಿನ ತುಂಡನ್ನು ಅದೇ ಕೈಯಿಂದಲೇ ತೆಗೆದರು, ಮೂರು ಸೆಂಟಿಮೀಟರ್ ಉದ್ದ, ಒಂದೂವರೆ ಅಗಲ. ಹೊಲಿಯುವ ದಾರ ಎಷ್ಟು ದಪ್ಪ ಎಂದು ಪರದೆಯ ಈಚೆಯಿಂದ ಕೇಳಿದೆ. ‘ಎಂಟು ಸೊನ್ನೆ’ ಎಂದರು. ಅದು ನನಗೆ ಅಳತೆ ಎನಿಸಲಿಲ್ಲ. ಬಿಸಾಡುವ ಚೂರು ಕೊಡಿ ಎಂದೆ. ನಗುತ್ತ ಕೊಟ್ಟರು. ಮನೆಗೆ ಬಂದು ಎಡಗೈಯಿಂದಲೇ ಮೈಕ್ರೋಮೀಟರಿಗೆ ಹಿಡಿದೆ: ನಾಲ್ಕು ಗೆರೆ, ಮೇಲೆ ಸ್ವಲ್ಪ. ಅಂದರೆ 0.04 ಮಿಲಿಮೀಟರ್. ನಮ್ಮಲ್ಲಿ ಅಷ್ಟು ಟಾಲರೆನ್ಸ್ ಕೇಳಿದರೆ ದರ ಎರಡು ಪಟ್ಟು ಮಾಡುತ್ತೇವೆ. ಆ ಕ್ಷಣಕ್ಕೆ ಬಿಲ್ಲಿನ ಮೇಲಿದ್ದ ಸಿಟ್ಟು ಇಳಿಯಿತು.

ಮೊದಲ ಮೂರು ವಾರ ನರಕ. ಇಲ್ಲದ ಜಾಗದಲ್ಲಿ ತುರಿಕೆ, ನಡುರಾತ್ರಿ ಉರಿ. ಕಾಕಾ ಬಂದು ನೋಡಿ ಏನೂ ಹೇಳದೆ ಕುಂದಾದ ಡಬ್ಬಿ ಇಟ್ಟು ಹೋದರು. ಆ ಮೌನ ಬೈಗುಳಕ್ಕಿಂತ ಕೆಟ್ಟದ್ದಾಗಿತ್ತು. ಗಾಯ ಮಾಗಿದ ಮೇಲೆ ಚರ್ಮಕ್ಕೆ ಸ್ಪರ್ಶದ ರೂಢಿ ಮಾಡಿಸಬೇಕು, ಅದನ್ನು ಬಿಟ್ಟರೆ ಅರ್ಧ ಕೆಲಸ ಕೆಟ್ಟಂತೆ. ಮೊದಲು ಹತ್ತಿ, ಆಮೇಲೆ ಮನೆಯವಳ ಇಳಕಲ್ ಸೀರೆಯ ರೇಷ್ಮೆ ಸೆರಗು, ನಂತರ ಅದೇ ಸೀರೆಯ ಒಡಲು. ಒಂದೇ ಸೀರೆಯಲ್ಲಿ ಎರಡು ದರ್ಜೆಯ ಒರಟುತನ ಸಿಕ್ಕಿದ್ದು ನನ್ನ ಶೋಧ. ಆಮೇಲೆ ಬಕೆಟ್ಟಿನಲ್ಲಿ ಜೋಳ, ದಿನಕ್ಕೆ ಮೂರು ಸಲ ಹತ್ತು ನಿಮಿಷ ಕೈ ಆಡಿಸುವುದು. ‘ಅದೇ ಜೋಳದ ರೊಟ್ಟಿ ನೀವೇ ತಿನ್ನಬೇಕು’ ಎಂದಳು. ತಿಂದೆ.

ಮೂರನೆಯ ತಿಂಗಳು 250 ಗ್ರಾಂ. ಪೇಢೆ ಹಂಚಲಿಲ್ಲ, ಹಿಂದಿನ ಸಲ ಸುಟ್ಟುಕೊಂಡಿದ್ದೆ. ಏಳನೆಯ ತಿಂಗಳು, ಮೊದಲ ಸಲ ಕೈಕೊಟ್ಟ ತಿಂಗಳು, ಭಾನುವಾರ ಬೆಳಿಗ್ಗೆ ಕೋಲು ಹಿಡಿಯಲು ಧೈರ್ಯ ಬರದೆ ಮಧ್ಯಾಹ್ನದವರೆಗೆ ಮುಂದೂಡಿದೆ. 420. ಒಂಬತ್ತಕ್ಕೆ ಕೊನೆಯ ಗೆರೆ. ಪ್ರೆಗಾಬಾಲಿನ್ ವೈದ್ಯರ ಲೆಕ್ಕದಂತೆ ನಾಲ್ಕು ತಿಂಗಳಲ್ಲಿ ಇಳಿದು ನಿಂತಿತು. ತೂಕ ಮಾತ್ರ ಇಳಿದಿಲ್ಲ.

ಎಲ್ಲವೂ ಹೋಯಿತು ಎಂದರೆ ಸುಳ್ಳಾಗುತ್ತದೆ. ಡಿಸೆಂಬರಿನ ಬೆಳಗಿನಲ್ಲಿ ಹತ್ತರಲ್ಲಿ ಒಂದೋ ಎರಡೋ ಉಳಿದಿದೆ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಹಿಂಬದಿಯಲ್ಲಿ ಏನು ತಾಗಿದರೂ ಗೊತ್ತಾಗುವುದಿಲ್ಲ, ಇನ್ನು ಮರಳುವುದೂ ಇಲ್ಲ. ಹೋದ ವರ್ಷ ಬಿಸಿ ಚಿಪ್ ಬಿದ್ದು ಅಂಟಿಕೊಂಡದ್ದು ವಾಸನೆಯಿಂದ ತಿಳಿಯಿತು. ಈಗ ಕೊಕ್ಕೆಯಿಲ್ಲದೆ ಚಿಪ್ ಮುಟ್ಟುವುದಿಲ್ಲ. ಆರು ವರ್ಷಗಳಲ್ಲಿ ಒಟ್ಟು ನಾಲ್ಕೂವರೆ ಲಕ್ಷ ಹೋಗಿರಬೇಕು. ಅದರಲ್ಲಿ ಎರಡೂ ಶಸ್ತ್ರಚಿಕಿತ್ಸೆಗಳ ಪಾಲು ಮೂರನೆಯ ಒಂದು ಭಾಗವಷ್ಟೇ, ಉಳಿದದ್ದೆಲ್ಲ ಹೆಸರು ಹುಡುಕುವುದಕ್ಕೆ ಮತ್ತು ಮಾತ್ರೆಗೆ.

ಮಿಲ್ಲಿಂಗ್ ಯಂತ್ರ ಕೊಂಡವನು ಎರಡು ಗಲ್ಲಿ ಆಚೆಯೇ ಇದ್ದಾನೆ. ಮರಳಿ ಕೊಡು ಎಂದರೆ ಈಗ ಎರಡು ಲಕ್ಷ ಹತ್ತು ಸಾವಿರ ಕೇಳುತ್ತಾನೆ. ಸ್ಪಿಂಡಲ್ ಸಡಿಲಾಗಿದೆ, ದೂರದಿಂದಲೇ ಶಬ್ದ ಕೇಳಿಸುತ್ತದೆ. ಒಂದು ಲಕ್ಷ ಎಂಬತ್ತಕ್ಕಿಂತ ಒಂದು ರೂಪಾಯಿಯೂ ಹೆಚ್ಚು ಕೊಡುವುದಿಲ್ಲ.