ಕೌನ್ಸೆಲಿಂಗ್‌ನ ಮೊದಲ ಭೇಟಿ: ಬಾಗಲಕೋಟೆಯಲ್ಲಿ ನಾನು ನಡೆಸುವ ರೀತಿ

ಬಾಗಲಕೋಟೆಯ ನವನಗರದಲ್ಲಿ ನನ್ನದೊಂದು ಸಣ್ಣ ಕೌನ್ಸೆಲಿಂಗ್ ಕೋಣೆ ಇದೆ. ಇಲ್ಲಿಗೆ ಒಬ್ಬರೇ ಬರುವವರು ಕಡಿಮೆ. ಹುಡುಗಿಯ ಜೊತೆ ತಾಯಿ, ತಾಯಿಯ ಜೊತೆ ಅಜ್ಜಿ, ಅವರೆಲ್ಲರನ್ನೂ ಬಸ್ ಹತ್ತಿಸಿ ಕರೆತಂದ ಕಾಕಾ. ಹುಡುಗಿಯನ್ನು "ಏನಾಗೈತಿ ತಂಗಿ?" ಎಂದು ಕೇಳಿದರೆ ಉತ್ತರ ಕಾಕಾನಿಂದ ಬರುತ್ತದೆ. ಪಾಠದಲ್ಲಿ ನಮಗೆ ಹೇಳಿಕೊಟ್ಟಿದ್ದು ಎದುರುಬದುರು ಎರಡು ಕುರ್ಚಿ. ನಾನು ಐದು ಇಟ್ಟಿದ್ದೇನೆ.

ಮೊದಲು ವಿಶ್ವಾಸ ಗಳಿಸು, ಆಮೇಲೆ ಅಸೆಸ್‌ಮೆಂಟ್ (ತೊಂದರೆ ಏನು, ಎಷ್ಟು ಎಂದು ತಿಳಿಯುವ ಕೆಲಸ) ಮಾಡು ಅಂತಲೂ ಕಲಿಸಿದ್ದರು. ನನ್ನ ಅನುಭವದಲ್ಲಿ ಇವೆರಡೂ ಬೇರೆ ಬೇರೆ ಕೆಲಸಗಳಲ್ಲ. ಏನು ಕೇಳುತ್ತೇನೆ, ಯಾರ ಮುಂದೆ ಕೇಳುತ್ತೇನೆ ಎನ್ನುವುದರಲ್ಲೇ ವಿಶ್ವಾಸ ಹುಟ್ಟುತ್ತದೆ, ಇಲ್ಲವೇ ಕೆಡುತ್ತದೆ. (ಮುಂದೆ ಬರುವ ಉದಾಹರಣೆಗಳು ಯಾರೊಬ್ಬರ ಕಥೆಯೂ ಅಲ್ಲ. ಹಲವರ ಮಾತು ಸೇರಿಸಿ, ಗುರುತು ಸಿಗದಂತೆ ಬರೆದಿದ್ದೇನೆ.)

ಜೊತೆಗೆ ಬಂದವರನ್ನು ನಾನು ತಕ್ಷಣ ಹೊರಗೆ ಕಳಿಸುವುದಿಲ್ಲ. ಸ್ವಲ್ಪ ಹೊತ್ತು ಎಲ್ಲರ ಮಾತನ್ನೂ ಕೇಳುತ್ತೇನೆ. ಯಾರು ಮಾತಾಡುತ್ತಾರೆ, ಹುಡುಗಿ ಬಾಯಿ ತೆರೆದಾಗ ಯಾರು ನಡುವೆ ಬರುತ್ತಾರೆ, ಯಾವ ಮಾತಿಗೆ ತಾಯಿ ತಲೆ ತಗ್ಗಿಸುತ್ತಾಳೆ, ಇದೆಲ್ಲ ನನಗೆ ಬೇಕಾದ ಮಾಹಿತಿಯೇ. ಆಮೇಲೆ ಹೇಳುತ್ತೇನೆ: "ಕಾಕಾರ, ನೀವು ಹೇಳಿದ್ದು ಭಾಳ ಉಪಯೋಗ ಆತ್ರಿ. ಈಗ ತಂಗಿ ಜೋಡಿ ಸ್ವಲ್ಪ ಮಾತಾಡ್ತೀನಿ, ನೀವು ಹೊರಗ ಚಾ ಕುಡದು ಬರ್ರಿ." ಕಾಕಾನ ಮಾತು ಕೇಳದೆ ಹೊರಗೆ ಕಳಿಸಿದರೆ ಎರಡನೇ ಭೇಟಿ ಇರುವುದಿಲ್ಲ. ಬಸ್ ಚಾರ್ಜ್ ಕೊಡುವವನು ಅವನೇ ಅಲ್ವಾ?

ಬಾಗಿಲು ಹಾಕಿದ ಮೇಲೆ ಮೊದಲ ಮಾತು ಗುಟ್ಟಿನ ಬಗ್ಗೆ. "ನೀ ಹೇಳಿದ್ದು ಈ ಕೋಣಿ ದಾಟಂಗಿಲ್ಲ. ಆದ್ರ ನಿನ್ನ ಜೀವಕ್ಕೋ ಬ್ಯಾರೆಯವರ ಜೀವಕ್ಕೋ ಅಪಾಯ ಐತಿ ಅನ್ನಿಸಿದ್ರ ನಾ ಸುಮ್ಮನ ಕುಂದರಂಗಿಲ್ಲ. ಆವಾಗೂ ಮೊದಲ ನಿನಗ ಹೇಳ್ತೀನಿ." 2017ರ ಮಾನಸಿಕ ಆರೋಗ್ಯ ಕಾಯ್ದೆ ಗೋಪ್ಯತೆಯನ್ನು ಹಕ್ಕು ಎಂದಿದೆ, ಅದರ ಜೊತೆ ಇಂಥ ವಿನಾಯಿತಿಗಳನ್ನೂ ಇಟ್ಟಿದೆ. 18 ವರ್ಷದೊಳಗಿನವರ ಮೇಲೆ ಲೈಂಗಿಕ ದೌರ್ಜನ್ಯ ಆಗಿದ್ದರೆ 2012ರ ಪೋಕ್ಸೋ ಕಾಯ್ದೆಯಂತೆ ದೂರು ಕೊಡಲೇಬೇಕು. ಚಿಕ್ಕವರು ಬಂದಾಗ ಇದನ್ನೂ ಮೊದಲೇ ತಿಳಿಸುತ್ತೇನೆ. ಎಲ್ಲ ಹೇಳಿಕೊಂಡ ಮೇಲೆ ತಿಳಿಸಿದರೆ ಅದು ಮೋಸ.

ಇನ್ನೊಂದು ಮಾತು ನಮ್ಮಂಥ ಊರಿಗೆ ಬೇಕೇಬೇಕು: "ಬಜಾರದಾಗ ಭೆಟ್ಟಿ ಆದ್ರ ನಾ ಮೊದಲ ಮಾತಾಡ್ಸಂಗಿಲ್ಲ. ನೀ ಮಾತಾಡ್ಸಿದ್ರ ಮಾತಾಡ್ತೀನಿ." ಇದನ್ನು ಕೇಳಿ ನಕ್ಕು ಹಗುರಾದವರು ಬಹಳ.

ಮೊದಲ ಪ್ರಶ್ನೆಗಳು ನಿದ್ದೆ, ಊಟ, ಮೈಯ ಬಗ್ಗೆ. ನಮ್ಮಲ್ಲಿ ಮನಸ್ಸಿನ ಸಂಕಟ ಮೈಯಿಂದಲೇ ಮಾತಾಡುತ್ತದೆ. "ಎದಿ ಧಸಕ್ ಅಂತೈತ್ರಿ, ತಲಿ ಭಾರ ಆಗೈತ್ರಿ." ಅದನ್ನು ಕೇಳಿದ ಕೂಡಲೇ "ಇದು ಟೆನ್ಷನ್" ಎಂದು ಹೇಳುವುದು ಅವಸರ. ಥೈರಾಯ್ಡ್ ಕಡಿಮೆಯಾದರೂ, ರಕ್ತ ಕಡಿಮೆಯಾದರೂ ಮನುಷ್ಯ ಹೀಗೇ ಸುಸ್ತಾಗಿ, ಮಂಕಾಗಿ ಕೂರುತ್ತಾನೆ. ಹಾಗಾಗಿ ಮೊದಲು ರಕ್ತ ಪರೀಕ್ಷೆಗೆ ಡಾಕ್ಟರ ಹತ್ತಿರ ಕಳಿಸುತ್ತೇನೆ. ತಮ್ಮ ಮೈನೋವನ್ನು ನಂಬಿದವರನ್ನು ಜನ ಆಮೇಲೆ ತಾವೂ ನಂಬುತ್ತಾರೆ.

ಖಿನ್ನತೆಯ ಲಕ್ಷಣ ಅಳೆಯುವ ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿ ಬಳಸುತ್ತೇನೆ. ಹಿಂದಿನ ಎರಡು ವಾರದ ಬಗ್ಗೆ 9 ಪ್ರಶ್ನೆ, ಅಂಕ 0ಯಿಂದ 27. 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಹೆಚ್ಚು ಗಮನ ಕೊಟ್ಟು ನೋಡಬೇಕು. ಅದೇ ರೋಗದ ತೀರ್ಮಾನ ಅಲ್ಲ. ಕಾಗದ ಕೈಗೆ ಕೊಟ್ಟರೆ ಕೆಲವರು ಪರೀಕ್ಷೆಗೆ ಕೂತಂತೆ ಹೆದರುತ್ತಾರೆ. ಓದಲು ಬಾರದವರಿಗೆ ನಾಚಿಕೆ ಬೇರೆ. ಅದಕ್ಕೆ ಎಲ್ಲರಿಗೂ ನಾನೇ ಓದಿ ಹೇಳುತ್ತೇನೆ.

ಒಂಬತ್ತನೆಯದು ಸಾವಿನ ಯೋಚನೆಯ ಪ್ರಶ್ನೆ. ಒಟ್ಟು ಅಂಕ ಎಷ್ಟೇ ಕಡಿಮೆ ಇರಲಿ, ಇದಕ್ಕೆ "ಹೌದು" ಎಂದರೆ ಉಳಿದ ಕೆಲಸವನ್ನೆಲ್ಲ ಪಕ್ಕಕ್ಕಿಡುತ್ತೇನೆ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತೆ ಎಂಬ ಭಯ ಹೊಸ ಕೌನ್ಸೆಲರ್‌ಗಳಿಗೆ ಇರುತ್ತದೆ. ಹಾಗೇನೂ ಆಗುವುದಿಲ್ಲ. ಕೇಳಿದರೆ ಹೆಚ್ಚಿನವರಿಗೆ ಉಸಿರು ಬಂದಂತಾಗುತ್ತದೆ. ನಮ್ಮದು ಹೊಲದ ಸೀಮೆ. ಬೆಳೆಗೆ ಹೊಡೆಯುವ ಎಣ್ಣಿ (ಕೀಟನಾಶಕ) ಎಷ್ಟೋ ಮನೆಯ ಮೂಲೆಯಲ್ಲೇ ಇರುತ್ತದೆ. ಅದನ್ನು ಅಂದೇ ಮನೆಯಿಂದ ಹೊರಗೆ ಸಾಗಿಸಲು ಮನೆಯವರಿಗೆ ಹೇಳುತ್ತೇನೆ, ಅವಳಿಗೆ ತಿಳಿಸಿಯೇ. ಒಬ್ಬಳನ್ನೇ ಬಿಡಬೇಡಿ ಎನ್ನುತ್ತೇನೆ. ಮನೋವೈದ್ಯರಿಗೆ ತೋರಿಸುತ್ತೇವೆ. ರಾತ್ರಿ ಹೊತ್ತಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ನಂಬರ್ 14416 ಬರೆದುಕೊಡುತ್ತೇನೆ, ಅಲ್ಲಿ ಕನ್ನಡದಲ್ಲೇ ಮಾತಾಡಬಹುದು. "ಧಾರವಾಡಕ್ಕ ಕಳಸ್ತೀರೇನ್ರಿ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಧಾರವಾಡ ಅಂದರೆ ನಮ್ಮ ಕಡೆಯವರಿಗೆ ಅಲ್ಲಿನ ಮಾನಸಿಕ ಆಸ್ಪತ್ರೆ. ಮನೋವೈದ್ಯರಿಗೆ ತೋರಿಸುವುದೂ ಆಸ್ಪತ್ರೆಗೆ ಸೇರಿಸುವುದೂ ಒಂದೇ ಅಲ್ಲ ಎಂದು ಕೂತು ತಿಳಿಸಬೇಕಾಗುತ್ತದೆ.

ನನಗೆ ಹೆಚ್ಚು ಕೆಲಸಕ್ಕೆ ಬಂದದ್ದು ಮಾತ್ರ ಒಂದು ಬಿಳಿ ಹಾಳೆ ಮತ್ತು ಪೆನ್ಸಿಲ್. ಕುಟುಂಬದ ನಕ್ಷೆಯನ್ನು ಇಬ್ಬರೂ ಸೇರಿ ಬರೆಯುತ್ತೇವೆ. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ, ಮದುವೆಗೆ ಗೆರೆ, ರಕ್ತಸಂಬಂಧದ ಮದುವೆಗೆ ಜೋಡಿ ಗೆರೆ. ನಮ್ಮ ಕಡೆ ಈ ಜೋಡಿ ಗೆರೆ ಜಾಸ್ತಿ. ಸೋದರಮಾವನನ್ನು ಮದುವೆಯಾದ ಹುಡುಗಿ ಎಂದುಕೊಳ್ಳಿ. ಅವಳ ಅತ್ತೆ ಅವಳ ಸ್ವಂತ ಅಜ್ಜಿ. ಅವಳ ಗಂಡ ಅವಳ ತಾಯಿಯ ತಮ್ಮ. ಗಂಡ ಹೊಡೆದ ಎಂದು ತಾಯಿಗೆ ಹೇಳಿದರೆ ತಾಯಿ ತನ್ನ ತಮ್ಮನ ವಿರುದ್ಧ ನಿಲ್ಲಬೇಕು, ತನ್ನ ತವರನ್ನೇ ಎದುರು ಹಾಕಿಕೊಳ್ಳಬೇಕು. "ಸ್ವಲ್ಪ ದಿನ ತವರಿಗೆ ಹೋಗಿ ಬಾ" ಎಂಬ ಸಲಹೆ ಇಲ್ಲಿ ನಡೆಯುವುದಿಲ್ಲ, ಏಕೆಂದರೆ ಎರಡೂ ಮನೆಯ ಜಗಳ ಒಂದೇ. ಪ್ರಶ್ನೆ ಕೇಳಿ ಕೇಳಿ ಇದನ್ನು ಹೊರಗೆ ತರುವುದು ಕಷ್ಟ. ಗೆರೆ ಎಳೆಯುವಾಗ ಅವಳೇ ಪೆನ್ಸಿಲ್ ತೆಗೆದುಕೊಂಡು, "ಇಲ್ಲಿ ಯಾರಿಗೆ ಹೇಳ್ಲಿರಿ?" ಎನ್ನುತ್ತಾಳೆ. ಆಗ ನಾವು ಮೂರನೆಯ ಮನೆ ಹುಡುಕುತ್ತೇವೆ: ತಂದೆಯ ಕಡೆಯ ಅತ್ತೆ, ಅಂಗನವಾಡಿ ಅಕ್ಕ, ಶಾಲೆಯ ಗೆಳತಿ. ಅವಳಿಗೆ ಬಲವಾಗಿ ನಿಲ್ಲುವವರು ಯಾರು ಎಂದು ತಿಳಿಯುವುದೂ ಅಸೆಸ್‌ಮೆಂಟಿನ ಭಾಗವೇ. ಬರೀ ರೋಗಲಕ್ಷಣ ಎಣಿಸುವವರು ಇದನ್ನು ಬಿಟ್ಟುಬಿಡುತ್ತಾರೆ.

ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1957ರಲ್ಲಿ ಹೇಳಿದ ಮಾತು ನನಗೆ ಇಷ್ಟ: ಎದುರಿನವರ ನೋವನ್ನು ಒಳಗಿನಿಂದ ಅರಿಯಬೇಕು, ಷರತ್ತಿಲ್ಲದೆ ಒಪ್ಪಿಕೊಳ್ಳಬೇಕು, ನಾಟಕ ಆಡಬಾರದು. ಆದರೆ ಹುನಗುಂದದ ಕಡೆಯ ಹಿರಿಯರೊಬ್ಬರು "ಏನ್ ಮಾಡ್ಲಿ ಹೇಳ್ರಿ ಮೇಡಂ" ಎಂದಾಗ ಸಲಹೆ ಕೊಡದೆ, ರೋಜರ್ಸ್ ರೀತಿಯಲ್ಲಿ "ನಿಮಗೆ ಏನನ್ನಿಸುತ್ತದೆ?" ಎಂದು ತಿರುಗಿ ಕೇಳಿದರೆ ಅವರು ನನಗೇನೂ ಗೊತ್ತಿಲ್ಲ ಅಂದುಕೊಂಡು ಎದ್ದು ಹೋಗುತ್ತಾರೆ. ಅದಕ್ಕೆ ಮೊದಲ ದಿನವೇ ಕೈಗೆ ಸಿಗುವ ಒಂದು ಸಣ್ಣ ಕೆಲಸ ಕೊಡುತ್ತೇನೆ: ಸಂಜೆ ಮೇಲೆ ಚಹಾ ಬೇಡ, ಮಲಗುವ ಮುಂಚೆ ಹೀಗೆ ಉಸಿರಾಡಿ ಅಂತ. ಮದುವೆ, ಆಸ್ತಿ, ಊರು ಬಿಡುವ ನಿರ್ಧಾರ ಅವರದ್ದೇ.

ಏನು ಸಾಧಿಸಬೇಕು ಎಂಬುದನ್ನು ಕೊನೆಗೆ ಮಾತಾಡುತ್ತೇವೆ. ಕಾಕಾನಿಗೆ ಬೇಕಾದ್ದು "ಮೊದಲಿನಂಗ ಆಗ್ಲಿ". ಹುಡುಗಿಗೆ ಬೇಕಾದ್ದು ಬಿಟ್ಟ ಕಾಲೇಜಿಗೆ ಮತ್ತೆ ಹೋಗುವುದು. ನಾನು ಬರೆದುಕೊಳ್ಳುವುದು ಹುಡುಗಿಯದ್ದನ್ನು. ಕಾಕಾನಿಗೆ ಎಷ್ಟು ಹೇಳಬೇಕು ಎಂದು ಅವಳನ್ನೇ ಕೇಳಿ, ಅಷ್ಟನ್ನೇ ಹೇಳುತ್ತೇನೆ. ಮುಂದಿನ ಭೇಟಿಗೆ ಅವರ ಊರಿನವರು ಸಂತೆಗೆ ಬರುವ ದಿನವನ್ನೇ ಕೊಡುತ್ತೇನೆ. ಆ ದಿನವಾದರೆ ಎಲ್ಲಿಗೆ ಹೊರಟೆ ಎಂದು ಓಣಿಯಲ್ಲಿ ಯಾರೂ ಕೇಳುವುದಿಲ್ಲ.